ದೂಜಣ್ಣನ ಮೊದಲ ಪಂಕ್ತಿ

ದೂಜಣ್ಣನ ಹೆಸರು ತೆಗೆದರೆ ಗೋರೆಗಾಂವಿನ ನಮ್ಮ ಫ್ಯಾಕ್ಟರಿಯಲ್ಲಿ ಈಗಲೂ ಎರಡು ಮಾತು ಕೇಳಿಸುತ್ತದೆ. ಹಳಬರು, ಅಂಥ ಮನುಷ್ಯ ಇನ್ನು ಹುಟ್ಟಲಿಕ್ಕಿಲ್ಲ ಅನ್ನುತ್ತಾರೆ. ಹೊಸಬರು, ಹೋ, ಆ ವಾಂತಿ ಕೇಸಿನ ಭಟ್ರಾ ಅಂತ ನಗುತ್ತಾರೆ. ಎರಡೂ ನನ್ನ ಎದುರಿಗೇ ಆಗುವ ಮಾತು. ಮೊದಲಾದರೆ ಸೌಟು ಹಿಡಿದುಕೊಂಡೇ ಜಗಳಕ್ಕೆ ಹೋಗುತ್ತಿದ್ದೆ. ಈಗ ಎಂತದಾದರೂ ಹೇಳಿ ಸಾಯಲಿ ಅಂತ ಅನ್ನದ ಕಡೆ ತಿರುಗುತ್ತೇನೆ.

ನಾನು ಅಣ್ಣು. ಊರು ಕಾಪು ಹತ್ತಿರ. ಸೀಲಿಂಗ್ ಫ್ಯಾನು ಮಾಡುವ ಈ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಹದಿನಾಲ್ಕು ವರ್ಷದಿಂದ ಬೇಯಿಸುತ್ತಿದ್ದೇನೆ. ಕ್ಯಾಂಟೀನಿನ ಕಾಂಟ್ರಾಕ್ಟು ನಮ್ಮ ಕಡೆಯ ಒಬ್ಬ ಧಣಿಗಳದ್ದು. ಅವರು ಮಾಟುಂಗಾದ ತಮ್ಮ ಹೋಟೆಲಿನ ಗಲ್ಲಾ ಬಿಟ್ಟು ಏಳುವವರಲ್ಲ. ಆಗ ಇಲ್ಲಿ ಒಲೆ, ಉಗ್ರಾಣ, ಕೆಲಸದ ಹನ್ನೊಂದು ಮಂದಿ, ಮಧ್ಯಾಹ್ನ ಉಣ್ಣುವ ಆರು ನೂರು ಮಂದಿ, ಎಲ್ಲ ದೂಜಣ್ಣನ ತಲೆ ಮೇಲೆ. ಜಾತಿಯಲ್ಲಿ ಬಿಲ್ಲವರು, ದೂಜ ಪೂಜಾರಿ. ಆದರೆ ಮುಂಬಯಿಯಲ್ಲಿ ಒಲೆಯ ಮುಂದೆ ನಿಂತವರೆಲ್ಲ ಭಟ್ರೇ. ಹಾಗಾಗಿ ಅವರು ಹೆಡ್ ಭಟ್ರು, ನಾನು ಎರಡನೇ ಭಟ್ರು.

ಅವರ ಮೂಗಿನ ಬಗ್ಗೆ ಮೊದಲು ಹೇಳಬೇಕು. ಮುಂಬಯಿಯ ಫೋರ್ಟ್ ಕಡೆಯ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರು ಮಾಡಿ, ರಾತ್ರಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ, ದೋಸೆಕಲ್ಲಿಗೆ ಬಂದು, ಸಾಂಬಾರಿಗೆ ಬಂದು ದೊಡ್ಡವರಾದ ಮನುಷ್ಯ. ಕೈಯಲ್ಲಿ ಅಳತೆ ಇರಲಿಲ್ಲ, ಇದ್ದದ್ದು ಮೂಗಿನಲ್ಲಿ. ಗೇಟಿನ ಹತ್ತಿರ ವಾಚ್‌ಮನ್ ಜೊತೆ ಮಾತಾಡುತ್ತಾ ನಿಂತವರು ಅಲ್ಲಿಂದಲೇ, ಅಣ್ಣು, ಸಾಸಿವೆ ಕರಟಿತು ಅಂತ ಕೂಗಿ ಹೇಳುತ್ತಿದ್ದರು. ಹೋಗಿ ನೋಡಿದರೆ ಕರಟಿಯೇ ಇರುತ್ತಿತ್ತು. ನನಗೆ ಅದು ಕಂಡರೆ ಉರಿ. ಎರಡನೇ ಭಟ್ರಾದವನಿಗೆ ಹೆಡ್ ಭಟ್ರ ಮೂಗು ಅಷ್ಟು ಚುರುಕಿದ್ದರೆ ಬದುಕು ಕಷ್ಟ.

ಅರವತ್ತೇಳರ ಮಳೆಗಾಲದಲ್ಲಿ ಬಾಂದ್ರಾ ಸ್ಟೇಷನ್ನಿನ ಬ್ರಿಜ್ಜಿನ ಮೆಟ್ಟಿಲಿನಲ್ಲಿ ಜಾರಿಬಿದ್ದರು. ಆಂಟಾಪ್ ಹಿಲ್‌ನಲ್ಲಿ ಅವರ ಮನೆ. ವಡಾಲಾದಿಂದ ಬಾಂದ್ರಾಕ್ಕೆ ಒಂದು ಲೋಕಲ್, ಅಲ್ಲಿಂದ ಗೋರೆಗಾಂವಿಗೆ ಇನ್ನೊಂದು. ಬೆಳಗಿನ ಗಡಿಬಿಡಿ, ಒದ್ದೆ ಮೆಟ್ಟಿಲು. ತಲೆಯ ಹಿಂಬದಿಗೆ ಪೆಟ್ಟು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಬಂದರು. ನಾಲ್ಕು ಹೊಲಿಗೆ ಬಿಟ್ಟರೆ ಬೇರೆ ಏನೂ ಆದ ಹಾಗೆ ಕಾಣಲಿಲ್ಲ. ಮೊದಲಿನ ಹಾಗೇ ನಗುವುದು, ಬೈಯುವುದು.

ಮೂರನೇ ವಾರವೋ ಏನೋ, ಹಾಲು ತಳ ಹಿಡಿಯಿತು. ಆ ಕಮಟು ಮಶೀನ್ ಶಾಪಿನವರೆಗೆ ಹೋಗಿದೆ. ದೂಜಣ್ಣ ಅದೇ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಾ ಇದ್ದಾರೆ. ನಾನು ಓಡಿಬಂದು ಬೆಂಕಿ ತಗ್ಗಿಸಿದೆ. ಅವರು ಪಾತ್ರೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಶೀತ ಆಗಿದೆ ಮಾರಾಯ, ಮೂಗು ಕಟ್ಟಿದೆ ಅಂದರು. ಆ ಶೀತ ಆರು ವರ್ಷ ಇತ್ತು.

ನಾನು ಒಳ್ಳೆಯವನೇನಲ್ಲ. ಮಾರನೇ ದಿನ ಹಿಂದಿನ ದಿನದ ಹಳಸಿದ ಚಟ್ನಿ ಹಾಕಿ ಅವರಿಗೆ ದೋಸೆ ಕೊಟ್ಟೆ. ತಿಂದರು. ಇನ್ನೊಂದು ಸ್ವಲ್ಪ ಚಟ್ನಿ ಹಾಕು ಅಂದರು. ಉಪ್ಪು, ಹುಳಿ, ಖಾರ ನಾಲಿಗೆಗೆ ತಾಗುತ್ತಿತ್ತು ಅಂತ ಕಾಣುತ್ತದೆ. ಪರಿಮಳ, ಕಮಟು, ಹಳಸು, ಇದು ಯಾವುದೂ ಇಲ್ಲ. ಆ ದಿನ ನನಗೆ ಖುಷಿಯಾಯಿತಾ, ಹೆದರಿಕೆಯಾಯಿತಾ ಅಂತ ಕೇಳಿದರೆ ಈಗ ಹೇಳಲಿಕ್ಕೆ ಬರುವುದಿಲ್ಲ. ಯಾರ ಹತ್ತಿರವೂ ಬಾಯಿಬಿಡಲಿಲ್ಲ. ನನಗೆ ಗೊತ್ತಾಗಿದೆ ಅಂತ ಅವರಿಗೂ ತೋರಿಸಿಕೊಳ್ಳಲಿಲ್ಲ. ಮೂಗಿಲ್ಲದ ಭಟ್ರನ್ನು ಯಾವ ಧಣಿ ಇಟ್ಟುಕೊಳ್ಳುತ್ತಾನೆ? ತಿಳಿದ ದಿನವೇ ಊರಿಗೆ ಟಿಕೇಟು. ಅವರಿಗೆ ಹೆಂಡತಿ ರಾಜೀವಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಬಾಡಿಗೆಯ ಒಂದು ಕೋಣೆ. ಅದೆಲ್ಲ ನಿಂತಿದ್ದದ್ದು ಆ ಮೂಗಿನ ಮೇಲೆ. ಅದು ಇಲ್ಲ ಅಂತ ಯಾರಿಗೂ ಗೊತ್ತಾಗಬಾರದು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಅದಾಗಿ ಎರಡು ತಿಂಗಳಿಗೆ ಪಂಕ್ತಿ ಶುರುವಾಯಿತು.

ಒಂದು ದಿನ ಹತ್ತೂವರೆಗೆ ದೂಜಣ್ಣ ಎಲ್ಲ ಒಲೆ ತಗ್ಗಿಸಲಿಕ್ಕೆ ಹೇಳಿದರು. ನೆಲಕ್ಕೆ ಗೋಣಿ ಹಾಸಿಸಿದರು. ಪಾತ್ರೆ ತೊಳೆಯುವವರಿಂದ ಹಿಡಿದು ನನ್ನವರೆಗೆ ಹನ್ನೊಂದು ಮಂದಿಯನ್ನೂ ಸಾಲಾಗಿ ಕೂರಿಸಿದರು. ಇನ್ನು ಮೇಲೆ ನಾವು ಮೊದಲ ಪಂಕ್ತಿ, ಫ್ಯಾಕ್ಟರಿಯವರು ಎರಡನೇ ಪಂಕ್ತಿ ಅಂದರು. ನಮಗೆ ನಗು. ಹೋಟೆಲ್ ಕೆಲಸದವನು ಉಣ್ಣುವುದು ಯಾವಾಗ? ಗಿರಾಕಿ ಎಲ್ಲ ಹೋಗಿ, ತಳದಲ್ಲಿ ಉಳಿದರೆ. ಊರಿನ ಕಡೆ ದೇವಸ್ಥಾನದ ಊಟದಲ್ಲೂ ನಮಗೆ ಪಾಯಸ ಬರುವಾಗ ಮೂರು ಪಂಕ್ತಿ ಎದ್ದುಹೋಗಿರುತ್ತಿತ್ತು, ದ್ರಾಕ್ಷಿ ಗೋಡಂಬಿ ಎಲ್ಲ ಮೇಲಿನವರ ಹೊಟ್ಟೆಗೆ. ಅಂಥವರನ್ನು ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸಿ, ಹೆಡ್ ಭಟ್ರೇ ಸೌಟು ಹಿಡಿದು ಬಡಿಸುವುದೆಂದರೆ! ಅದೂ ಮೊದಲು ಬಡಿಸಿದ್ದು ನನಗಲ್ಲ, ತುದಿಯಲ್ಲಿ ಕೂತ ಇಂದ್ರಾಬಾಯಿಗೆ. ಅಕ್ಕಿ ಆರಿಸಿ ತರಕಾರಿ ಹೆಚ್ಚುವ ಹೆಂಗಸು, ವಿಜಾಪುರದ ಕಡೆಯವಳು.

ಹೇಗುಂಟು ಅಂತ ಕೇಳಿದರು. ಎಲ್ಲರೂ ಲಾಯ್ಕುಂಟು ಲಾಯ್ಕುಂಟು ಅಂದೆವು. ಮರುದಿನವೂ ಅದೇ. ಆಗ ಅವರು ಒಂದು ಕಾನೂನು ಮಾಡಿದರು. ಈ ಪಂಕ್ತಿಯಲ್ಲಿ ಕೂತವರು ಲಾಯ್ಕುಂಟು ಅನ್ನುವ ಹಾಗಿಲ್ಲ. ಎಂತ ಕಡಿಮೆ ಅಂತ ಮಾತ್ರ ಹೇಳಬೇಕು, ಇಲ್ಲದಿದ್ದರೆ ಸುಮ್ಮನೆ ಉಣ್ಣಬೇಕು. ಹೇಳಿದವನನ್ನು ಯಾಕೆ ಅಂತ ಯಾರೂ ಕೇಳಬಾರದು.

ಮೂರನೇ ದಿನ ಇಂದ್ರಾಬಾಯಿ ತಲೆ ತಗ್ಗಿಸಿಕೊಂಡು, ಬ್ಯಾಳಿ ಬೆಂದಿಲ್ರಿ ಅಂದಳು. ಬೇಯಿಸಿದ್ದು ನಾನು. ನನಗೆ ಪಿತ್ತ ನೆತ್ತಿಗೇರಿತು. ಅಕ್ಕಿ ಆರಿಸುವವಳು ನನ್ನ ಬೇಳೆಗೆ ಮಾತು ಹೇಳುವುದಾ? ದೂಜಣ್ಣ ನನ್ನ ಕಡೆ ನೋಡಲೇ ಇಲ್ಲ. ಇಡೀ ಕೊಪ್ಪರಿಗೆ ಪುನಃ ಒಲೆಗೆ ಹೋಯಿತು. ಊಟ ಅರ್ಧ ಗಂಟೆ ತಡ. ಹೊರಗೆ ಆರು ನೂರು ಜನ ತಟ್ಟೆ ಬಡಿಯಲಿಕ್ಕೆ ಶುರುಮಾಡಿದರು. ದೂಜಣ್ಣ ಕೌಂಟರಿನ ಎದುರು ಹೋಗಿ ನಿಂತು, ಬೇಳೆ ಬೆಂದಿರಲಿಲ್ಲ, ನಮ್ಮ ಇಂದ್ರಾಬಾಯಿ ಹೇಳಿದರು, ಅದಕ್ಕೆ ತಡ ಅಂತ ಹಿಂದಿಯಲ್ಲಿ ಹೇಳಿದರು. ತಟ್ಟೆ ನಿಂತಿತು. ಆ ದಿನದ ನಂತರ ಪಂಕ್ತಿಯಲ್ಲಿ ಎಲ್ಲರ ಬಾಯಿ ಬಿಚ್ಚಿತು.

ಬಿಚ್ಚಿದ್ದು ಊಟದ ವಿಷಯಕ್ಕೆ ಮಾತ್ರ ಅಲ್ಲ. ತಟ್ಟೆ ತೊಳೆಯುವವನು, ಪಲ್ಯಕ್ಕಿಂತ ಮಜ್ಜಿಗೆ ಮೊದಲು ಇಟ್ಟರೆ ಸಾಲು ಬೇಗ ಮುಂದೆ ಹೋಗುತ್ತದೆ ಅಂದ. ಇಟ್ಟೆವು, ಹೋಯಿತು. ಬುಧವಾರ ಅನ್ನ ಯಾಕೆ ಉಳಿಯುತ್ತದೆ ಅಂತ ನಾನು ಒಂದು ವರ್ಷದಿಂದ ತಲೆ ಕೆರೆದುಕೊಳ್ಳುತ್ತಿದ್ದೆ. ಎಂಜಲು ಎತ್ತುವ ಮುದುಕ ಒಂದೇ ಮಾತಿನಲ್ಲಿ ಹೇಳಿದ, ಬುಧವಾರದ ಬದನೆಕಾಯಿ ಯಾರೂ ಮುಟ್ಟುವುದಿಲ್ಲ ಅಂತ. ಅವನ ಹತ್ತಿರ ಅಷ್ಟು ದಿನ ಯಾರೂ ಕೇಳಿರಲಿಲ್ಲ. ಉಗ್ರಾಣದಿಂದ ಎಣ್ಣೆ ಕದಿಯುವುದು ತನ್ನಷ್ಟಕ್ಕೆ ನಿಂತಿತು. ಮೊದಲೇ ಹೊಟ್ಟೆ ತುಂಬ ಉಂಡವನು ಕದ್ದು ಎಂತ ಮಾಡುತ್ತಾನೆ?

ದೊಡ್ಡ ಸಾಹೇಬರ ಕಿವಿಗೆ ಸುದ್ದಿ ಬಿತ್ತು. ಕಂಪನಿಯ ಇಂಗ್ಲಿಷ್ ಪತ್ರಿಕೆಯಲ್ಲಿ ದೂಜಣ್ಣ ಬಡಿಸುವ ಫೋಟೋ ಬಂತು. ಮ್ಯಾನೇಜ್‌ಮೆಂಟು ಕಲಿಯುವ ಹುಡುಗರನ್ನು ಬಸ್ಸಿನಲ್ಲಿ ಕರೆತಂದರು. ಅವರು ಪ್ಯಾಂಟು ಬಿಗಿಯಾಗಿ ಕೂರಲಿಕ್ಕಾಗದೆ ಒದ್ದಾಡುತ್ತಾ ನಮ್ಮ ಸಾಲಿನಲ್ಲಿ ಉಂಡು, ಪುಸ್ತಕದಲ್ಲಿ ಬರೆದುಕೊಂಡರು. ಕೆಳಗಿನವನಿಗೆ ಮರ್ಯಾದೆ, ಹೊಸ ರೀತಿಯ ನಾಯಕತ್ವ, ಹೀಗೆಲ್ಲ. ಈ ಐಡಿಯಾ ಎಲ್ಲಿಂದ ಬಂತು ಅಂತ ಒಬ್ಬ ಕೇಳಿದ. ದೂಜಣ್ಣ ಊರಿನ ನಾಲ್ಕನೇ ಪಂಕ್ತಿಯ ಕತೆ ಹೇಳಿದರು. ಹುಡುಗರ ಕಣ್ಣು ಒದ್ದೆಯಾಯಿತು. ನಾನು ಮೂಲೆಯಲ್ಲಿ ನಿಂತು, ಧೈರ್ಯ ಇದ್ದರೆ ಮೂಗಿನ ಕತೆ ಹೇಳಿ ನೋಡುವ ದೂಜಣ್ಣ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಅವರ ದೊಡ್ಡ ಮನಸ್ಸಿನಿಂದ ಹುಟ್ಟಿದ ಪದ್ಧತಿ ಅದು ಅಂತ ಎಲ್ಲರೂ ನಂಬಿದ್ದರು. ಹುಟ್ಟಿದ್ದು ಹೆದರಿಕೆಯಿಂದ. ಅದು ನನಗೊಬ್ಬನಿಗೆ ಗೊತ್ತು. ಆದರೆ ಇನ್ನೊಂದು ಮಾತೂ ಹೇಳಬೇಕು. ಎಲ್ಲ ಗೊತ್ತಿರುವ ಯಜಮಾನರ ಕೈಕೆಳಗೆ ನಾನು ಮೂರು ಹೋಟೆಲಿನಲ್ಲಿ ದುಡಿದಿದ್ದೇನೆ. ಅವರು ಹೇಳುತ್ತಿದ್ದರು, ನಾವು ಕೇಳುತ್ತಿದ್ದೆವು, ಕೆಲಸ ಹಾಳಾದರೆ ನಾವು ಒಳಗೊಳಗೆ ನಗುತ್ತಿದ್ದೆವು. ದೂಜಣ್ಣ ಕೇಳಲೇಬೇಕಿತ್ತು, ಕೇಳದೆ ಅವರಿಗೆ ಗತಿ ಇರಲಿಲ್ಲ. ಅದಕ್ಕೆ ಅವರು ಕೇಳಿದರೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೋ ನನಗೆ ಗೊತ್ತಿಲ್ಲ.

ಎಪ್ಪತ್ಮೂರರಲ್ಲಿ ಗುಪ್ತೆ ಅಂತ ಒಬ್ಬರು ಸಾಹೇಬರು ಬಂದರು. ಮೂವತ್ತು ವರ್ಷ ಇರಬಹುದು. ಕುತ್ತಿಗೆಯಲ್ಲಿ ಸ್ಟಾಪ್‌ವಾಚು. ಕೆಟ್ಟ ಜನ ಅಲ್ಲ, ಒಬ್ಬರಿಗೂ ದೊಡ್ಡ ಸ್ವರದಲ್ಲಿ ಮಾತಾಡಿದವರಲ್ಲ. ಮಶೀನ್ ಶಾಪಿನಲ್ಲಿ ಯಾರು ಎಷ್ಟು ಹೆಜ್ಜೆ ಇಡುತ್ತಾರೆ ಅಂತ ಲೆಕ್ಕ ಹಿಡಿದು, ಅಲ್ಲಿ ಬೆಂಚು ಆಚೆ ಈಚೆ ಮಾಡಿಸಿ, ದಿನಕ್ಕೆ ನೂರು ಫ್ಯಾನು ಹೆಚ್ಚು ಬರುವ ಹಾಗೆ ಮಾಡಿದ್ದರು. ಆಮೇಲೆ ಕ್ಯಾಂಟೀನಿಗೆ ಬಂದರು. ಒಂದು ವಾರ ಮೂಲೆಯಲ್ಲಿ ನಿಂತು ಬರೆದುಕೊಂಡರು.

ಕೊನೆಗೆ ನಮ್ಮನ್ನೆಲ್ಲ ಕರೆದು ಹೇಳಿದರು. ಹನ್ನೊಂದು ಜನ ಮೂವತ್ತೈದು ನಿಮಿಷ ಕೂರುವುದೆಂದರೆ ದಿನಕ್ಕೆ ಆರು ಗಂಟೆಯ ಕೆಲಸ ಹೋಯಿತು. ರುಚಿ ನೋಡಲಿಕ್ಕೆ ಅನುಭವ ಇರುವ ಒಬ್ಬರು ಸಾಕು. ಅವರಲ್ಲಿ ಮರಾಠಿಯಲ್ಲಿ ಒಂದು ಗಾದೆ ಉಂಟು, ಅನ್ನದ ಪರೀಕ್ಷೆಗೆ ಒಂದು ಅಗುಳು ಸಾಕು ಅಂತ. ನಮ್ಮಲ್ಲೂ ಉಂಟಲ್ಲ, ಅದೇ. ಇನ್ನು ಮೇಲೆ ಪಂಕ್ತಿ ಬೇಡ. ದೂಜಣ್ಣ ರುಚಿ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು, ಜವಾಬ್ದಾರಿ ಪೂರ್ತಿ ಅವರದ್ದು. ಮಸಾಲೆ ಬೆಳಿಗ್ಗೆ ಅರೆಯುವ ಬದಲು ಹಿಂದಿನ ದಿನ ಮೂರು ಗಂಟೆಗೆ, ಕೈ ಖಾಲಿ ಇರುವಾಗ, ಅರೆದು ಐಸಿನ ಮೇಲೆ ಇಡಬೇಕು. ಹೀಗೆ ಮಾಡಿದರೆ ನೀವೆಲ್ಲ ಅರ್ಧ ಗಂಟೆ ಮೊದಲು ಮನೆಗೆ ಹೋಗಬಹುದು ಅಂದರು.

ಅರ್ಧ ಗಂಟೆ ಮೊದಲು! ಆ ಮಾತಿಗೆ ನಾವು ಹನ್ನೊಂದು ಜನವೂ ಹಲ್ಲು ಬಿಟ್ಟೆವು. ಅರ್ಧ ಗಂಟೆ ಎಂದರೆ ಕೂರಲಿಕ್ಕೆ ಜಾಗ ಸಿಗುವ ಲೋಕಲ್. ದೂಜಣ್ಣ ಏನೋ ಹೇಳಲಿಕ್ಕೆ ಬಾಯಿ ತೆರೆದರು. ನಮ್ಮ ಮುಖ ನೋಡಿದರು. ಬಾಯಿ ಮುಚ್ಚಿದರು. ಪಂಕ್ತಿ ಯಾಕೆ ಬೇಕು ಅಂತ ಹೇಳಬೇಕಾದರೆ ಮೂಗಿನ ವಿಷಯ ಹೇಳಬೇಕು, ಮೂಗಿನ ವಿಷಯ ಹೇಳಿದರೆ ಕೆಲಸ ಇಲ್ಲ. ಅದು ಗೊತ್ತಿದ್ದದ್ದು ನನಗೆ. ನಾನು ಸುಮ್ಮನೆ ನಿಂತೆ. ತಗಡು ಒತ್ತುವ ಪ್ರೆಸ್ ಮಶೀನಿನ ಗುರಲಿಂಗಪ್ಪ, ಜಮಖಂಡಿಯವನು, ಯೂನಿಯನ್ನಿನ ಕಡೆಯಿಂದ ಕ್ಯಾಂಟೀನ್ ಕಮಿಟಿಯಲ್ಲಿದ್ದ. ಅವನು ಮಧ್ಯಾಹ್ನ ನನ್ನ ಹತ್ತಿರ ಬಂದು, ಪಂಕ್ತಿ ನಿಲ್ಲಸಾಕ ನಿಮ್ಮ ಒಪ್ಪಿಗಿ ಐತೇನು, ಬ್ಯಾಡ ಅಂದ್ರ ಹೇಳು, ನಾವು ಮಾತಾಡ್ತೀವಿ ಅಂದ. ನಮಗೇನೂ ತೊಂದರೆ ಇಲ್ಲ ಅಂತ ಹೇಳಿ ಕಳಿಸಿದೆ.

ದೂಜಣ್ಣನಿಗೆ ಒಂದು ಕುರ್ಚಿ, ಒಂದು ಬಿಳಿ ಕೋಟು, ಒಂದು ರಿಜಿಸ್ಟರು ಬಂತು. ಅವರು ಒಂದು ಉಪಾಯ ಕಂಡುಕೊಂಡರು. ಹತ್ತೂವರೆಗೆ ನನ್ನ ಹತ್ತಿರ ಬಂದು, ಬೇರೇನೋ ಮಾತಾಡುತ್ತಾ, ಅಂದ ಹಾಗೆ ಸಾರು ಹೇಗುಂಟು ಮಾರಾಯ ಅಂತ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಆಮೇಲೆ ಹೋಗಿ ಅಂಗೈಗೆ ಹಾಕಿ ನೆಕ್ಕಿ ಸಹಿ ಹಾಕುತ್ತಿದ್ದರು. ಹಾಗೇ ನಡೆದಿದ್ದರೆ ಎಷ್ಟು ವರ್ಷ ಬೇಕಾದರೂ ನಡೆಯುತ್ತಿತ್ತು.

ಒಂದು ದಿನ ಗುಪ್ತೆ ಸಾಹೇಬರು ಪಕ್ಕದಲ್ಲೇ ನಿಂತು ರಿಜಿಸ್ಟರು ತಿರುವುತ್ತಾ ಇದ್ದರು. ಪಲ್ಯಕ್ಕೆ ಹಾಕಿದ ಕೊಬ್ಬರಿ ಎಣ್ಣೆ ಮುಗ್ಗಲಾಗಿತ್ತು. ಸಾಹೇಬರು ಇದ್ದದ್ದರಿಂದ ನನ್ನನ್ನು ಕೇಳದೆಯೇ ದೂಜಣ್ಣ ಸಹಿ ಹಾಕಿ ಆಗಿತ್ತು. ನಾನು ದೊಡ್ಡದಾಗಿಯೇ, ಎಣ್ಣೆ ಸರಿಯಿಲ್ಲ ಅಂದುಬಿಟ್ಟೆ. ಬೇಕೆಂದೇ ಅಂದೆನಾ, ಬಾಯಿತಪ್ಪಿ ಬಂತಾ, ಎರಡೂ ಇರಬಹುದು. ದೂಜಣ್ಣನ ಮುಖ ಬಿಳಿಚಿತು. ಸಾಹೇಬರು ತಲೆ ಎತ್ತಿದರು.

“ನಿನ್ನ ಕೆಲಸ ನೀನು ನೋಡು ಅಣ್ಣು,” ಅಂದರು ದೂಜಣ್ಣ. “ರುಚಿ ನೋಡುವುದು ನನ್ನ ಕೆಲಸ. ನಿನ್ನ ಹತ್ತಿರ ಯಾರು ಕೇಳಿದ್ದು?”

ಎಲ್ಲರ ಎದುರು. ಇಂದ್ರಾಬಾಯಿ ಸಹ ಕೈ ನಿಲ್ಲಿಸಿ ನೋಡಿದಳು. ಆರು ವರ್ಷ ಅವರ ಗುಟ್ಟು ಕಾಪಾಡಿದವನಿಗೆ ಈ ಮಾತು. ಅವರು ಹೆದರಿಕೆಯಿಂದ ಅಂದದ್ದು ಅಂತ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದರೆ ಎಂತ ಆಯಿತು, ಹೊಟ್ಟೆ ಉರಿಯುವುದು ನಿಲ್ಲುತ್ತದಾ? ಮರುದಿನದಿಂದ ಅವರು ಬಂದು ಸಾರು ಹೇಗುಂಟು ಅಂತ ಕೇಳಿದರೆ, ನಿಮಗೆ ಗೊತ್ತಿಲ್ಲದ್ದು ನನಗೆಂತ ಗೊತ್ತು ಅಂತ ಹೇಳಲಿಕ್ಕೆ ಶುರುಮಾಡಿದೆ. ಅವರು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ಸುಳ್ಳು ಯಾಕೆ ಹೇಳಬೇಕು, ಅವರು ಹಾಗೆ ನಿಲ್ಲುವುದು ನೋಡಲಿಕ್ಕೆ ನನಗೆ ಹಿತವಾಗುತ್ತಿತ್ತು.

ಅಕ್ಟೋಬರ್ ತಿಂಗಳು. ಮಳೆ ಹೋಗಿ ಮುಂಬಯಿಯ ಆ ಹಾಳು ಸೆಕೆ. ಒಂದು ಸೋಮವಾರ ಸಂಜೆ ಐಸಿನ ಗಾಡಿ ಬರಲಿಲ್ಲ. ಅರೆದ ತೆಂಗಿನಕಾಯಿ ಮಸಾಲೆಗೆ ಒದ್ದೆ ಬಟ್ಟೆ ಮುಚ್ಚಿ ಇಟ್ಟು ಹೋದೆವು. ಮಂಗಳವಾರ ಮಜ್ಜಿಗೆ ಹುಳಿ. ಅದು ಕುದಿಸುವ ಪದಾರ್ಥ ಅಲ್ಲ, ಒಂದು ಕುದಿ ಬಂದ ಕೂಡಲೇ ಇಳಿಸಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಬಟ್ಟೆ ತೆಗೆದಾಗಲೇ ಹಳಸಿದ ವಾಸನೆ ನನ್ನ ಮೂಗಿಗೆ ಬಡಿಯಿತು. ಜೋರಾಗಿ ಅಲ್ಲ, ಆದರೆ ತಪ್ಪುವ ಹಾಗೂ ಇರಲಿಲ್ಲ. ಬೇರೆ ಅರೆಯಬೇಕಾದರೆ ಒಂದು ಗಂಟೆ ಬೇಕು. ಅದು ಹೇಳಬೇಕಾದವನು ನಾನಲ್ಲ, ರಿಜಿಸ್ಟರಿನಲ್ಲಿ ಸಹಿ ನನ್ನದಲ್ಲ ಅಂದುಕೊಂಡೆ. ಮಜ್ಜಿಗೆಗೆ ಸುರಿದೆ.

ಹತ್ತೂವರೆಗೆ ದೂಜಣ್ಣ ಬಂದರು. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನನ್ನ ಬದಿಯಲ್ಲಿ ನಿಂತರು.

“ಅಣ್ಣು, ಮಜ್ಜಿಗೆ ಹುಳಿ ಹೇಗುಂಟು?”

“ಸಹಿ ಹಾಕುವವರು ನೀವಲ್ಲವಾ? ನೀವೇ ನೋಡಿ,” ಅಂದೆ.

ಅವರು ಸೌಟಿನಿಂದ ಅಂಗೈಗೆ ಹಾಕಿ ನೆಕ್ಕಿದರು. ಇನ್ನೊಮ್ಮೆ ನೆಕ್ಕಿದರು. ಮಜ್ಜಿಗೆ ಹುಳಿ ಹುಳಿಯೇ ಇರುವುದಲ್ಲ, ಅವರ ನಾಲಿಗೆಗೆ ಅಷ್ಟೇ ತಾಗಿದ್ದು. ಹುಳಿ ಸರಿಯುಂಟು ಅಂತ ತಮಗೆ ತಾವೇ ಹೇಳಿಕೊಂಡು ಹೋಗಿ ಸಹಿ ಹಾಕಿದರು. ನನ್ನ ಕೈಯಲ್ಲಿ ಇನ್ನೂ ಒಂದೂವರೆ ಗಂಟೆ ಇತ್ತು. ನಾನು ಪಲ್ಯಕ್ಕೆ ಒಗ್ಗರಣೆ ಹಾಕಿದೆ.

ಮೂರು ಗಂಟೆಯ ಹೊತ್ತಿಗೆ ಶುರುವಾಯಿತು. ಮೊದಲು ಪೇಂಟ್ ಶಾಪಿನಲ್ಲಿ ಇಬ್ಬರು, ಆಮೇಲೆ ಹತ್ತು, ಆಮೇಲೆ ಲೆಕ್ಕ ಇಲ್ಲ. ಕಕ್ಕಸಿನ ಮುಂದೆ ಸಾಲು, ಅಂಗಳದಲ್ಲಿ ವಾಂತಿ. ಗುರಲಿಂಗಪ್ಪ ಪ್ರೆಸ್ಸಿನ ಮುಂದೆ ನಿಂತಿದ್ದ. ತಲೆ ತಿರುಗಿ ಮುಂದಕ್ಕೆ ಬಾಗಿದ್ದಾನೆ, ಬಲಗೈ ಒಳಗೆ, ಕಾಲು ಪೆಡಲಿನ ಮೇಲೆ. ಮೂರು ಬೆರಳು ಹೋಯಿತು. ಅವನನ್ನು ಹೊರಗೆ ತರುವಾಗ ನಾನು ಬಾಗಿಲಲ್ಲಿದ್ದೆ. ಕೈಗೆ ಸುತ್ತಿದ ಬಟ್ಟೆ ನಮ್ಮ ಕ್ಯಾಂಟೀನಿನದೇ. ನನಗೆ ಏನೂ ಅನ್ನಿಸಲಿಲ್ಲ. ನಿಂತಿದ್ದೆ, ಅಷ್ಟೇ. ಈಗಲೂ ಆ ದಿನ ನೆನೆಸಿಕೊಂಡರೆ ಏನೂ ಅನ್ನಿಸುವುದಿಲ್ಲ, ಅದಕ್ಕೇ ಹೆದರಿಕೆಯಾಗುತ್ತದೆ.

ಸಂಜೆ ಪಾತ್ರೆ ತಿಕ್ಕುವ ಕಡೆ ಇಂದ್ರಾಬಾಯಿ ಸಣ್ಣ ಸ್ವರದಲ್ಲಿ ಹೇಳಿದಳು. “ನನಗೂ ವಾಸನಿ ಬಂದಿತ್ತಪಾ. ಯಾರು ಕೇಳಿದ್ರು?”

ಹನ್ನೊಂದು ಜನರಲ್ಲಿ ಎಷ್ಟು ಜನರ ಮೂಗಿಗೆ ಬಂದಿತ್ತೋ ದೇವರಿಗೇ ಗೊತ್ತು. ಪಂಕ್ತಿ ಇದ್ದಿದ್ದರೆ ಆ ಕೊಪ್ಪರಿಗೆ ಹತ್ತು ಮುಕ್ಕಾಲಿಗೆ ಮೋರಿಗೆ ಹೋಗಿರುತ್ತಿತ್ತು.

ವಿಚಾರಣೆ ಎರಡು ದಿನ ನಡೆಯಿತು. ದೊಡ್ಡ ಸಾಹೇಬರ ಮೇಜಿನ ಮೇಲೆ ರಿಜಿಸ್ಟರು ತೆರೆದು ಇಟ್ಟಿದ್ದರು. ರುಚಿ ನೋಡಿದ್ದೆಯಾ ಅಂತ ಕೇಳಿದರು. ನೋಡಿದ್ದೆ ಅಂದರು ದೂಜಣ್ಣ. ಹಾಗಾದರೆ ಗೊತ್ತಾಗಲಿಲ್ಲ ಹೇಗೆ ಅಂತ ಕೇಳಿದರು. ನನ್ನ ತಪ್ಪು ಅಂದರು. ಎಷ್ಟು ಸಲ ಕೇಳಿದರೂ ಅದೊಂದೇ ಮಾತು. ಮೂಗು ಇಲ್ಲ ಅಂತ ಹೇಳಿದ್ದರೆ ಆರು ವರ್ಷ ಮೋಸ ಮಾಡಿದ ಅಂತ ಇನ್ನೂ ದೊಡ್ಡದಾಗುತ್ತಿತ್ತು, ಬೇರೆ ಹೋಟೆಲಿನಲ್ಲೂ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಗುಪ್ತೆ ಸಾಹೇಬರು ಬೇಸರದಿಂದಲೇ ಹೇಳಿದರು, ಪದ್ಧತಿಯಲ್ಲಿ ದೋಷ ಇಲ್ಲ, ಮನುಷ್ಯನಿಂದ ತಪ್ಪಾಗಿದೆ ಅಂತ. ನನ್ನನ್ನೂ ಕರೆದರು. ನಾನು ಹೇಳಿದಂತೆ ಬೇಯಿಸುವವನು, ರುಚಿ ನನ್ನ ಕೆಲಸ ಅಲ್ಲ ಅಂದೆ. ಹೌದು ಅಂತ ತಲೆ ಆಡಿಸಿ ಬರೆದುಕೊಂಡರು.

ದೂಜಣ್ಣನನ್ನು ತೆಗೆದರು. ಅವರ ಜಾಗದಲ್ಲಿ ನನ್ನನ್ನು ಹಾಕಿದರು. ಅದೇ ಕುರ್ಚಿ, ಅದೇ ರಿಜಿಸ್ಟರು. ಕೋಟು ಮಾತ್ರ ಭುಜದಲ್ಲಿ ಬಿಗಿ. ಪುನಃ ಪಂಕ್ತಿ ಶುರುಮಾಡಬಹುದಿತ್ತು. ಹಾಗೆ ಮಾಡಿದರೆ, ಅಂದು ಅದು ಇಲ್ಲದ್ದೇ ತಪ್ಪು ಅಂತ ನಾನೇ ಸಾರಿದ ಹಾಗೆ ಆಗುತ್ತಿತ್ತು. ಬೇಡ ಅಂತ ಬಿಟ್ಟೆ. ಕ್ಯಾಂಟೀನಿನಲ್ಲಿ ಈಗ ಎಲ್ಲ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಾರೆ. ನಾನೂ ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತೇನೆ.

ಎರಡು ವರ್ಷ ದೂಜಣ್ಣನ ಮನೆ ಕಡೆ ತಲೆ ಹಾಕಲಿಲ್ಲ. ಸಾಯನ್ ಕಡೆ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಆಗಿದ್ದಾರೆ ಅಂತ ಕೇಳಿದ್ದೆ. ಎಪ್ಪತ್ತೈದರ ಒಂದು ಭಾನುವಾರ ಆಂಟಾಪ್ ಹಿಲ್‌ನಲ್ಲಿ ನಮ್ಮ ಕಡೆಯವರ ಮದುವೆ ಇತ್ತು. ಹೊರಗೆ ಬರುವಾಗ ರಾಜೀವಿಯಕ್ಕ ಸಿಕ್ಕಿದರು. ಕೈ ಹಿಡಿದೇ ಮನೆಗೆ ಕರೆದುಕೊಂಡು ಹೋದರು. ದೂಜಣ್ಣ ಖಾಕಿ ಪ್ಯಾಂಟಿನಲ್ಲೇ ಊಟಕ್ಕೆ ಕೂತಿದ್ದರು. ನನ್ನನ್ನು ಕಂಡು ಖುಷಿಯೇ ಆಯಿತು ಅವರಿಗೆ. ಬಾ ಮಾರಾಯ, ಕೂತುಕೋ ಅಂದರು. ಮದುವೆಯಲ್ಲಿ ಉಂಡಾಗಿದೆ ಅಂದರೂ ಕೇಳದೆ ರಾಜೀವಿಯಕ್ಕ ನನಗೂ ಒಂದು ತ​ಟ್ಟೆ ಇಟ್ಟು, ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಬಡಿಸಿ ನೀರು ತರಲಿಕ್ಕೆ ನಲ್ಲಿಗೆ ಹೋದರು.

ದೂಜಣ್ಣ ಕ್ಯಾಂಟೀನಿನ ಎಲ್ಲರನ್ನೂ ಹೆಸರು ಹಿಡಿದು ವಿಚಾರಿಸಿದರು. ಗುರಲಿಂಗಪ್ಪನಿಗೆ ಗೇಟಿನಲ್ಲಿ ಕೆಲಸ ಕೊಟ್ಟಿದ್ದಾರೆ, ಎಡಗೈಯಲ್ಲಿ ಬರೆಯಲಿಕ್ಕೆ ಕಲಿತಿದ್ದಾನೆ ಅಂತ ಹೇಳಿದೆ. ದೂಜಣ್ಣ ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದರು.

“ನಿನಗೊಂದು ವಿಷಯ ಗೊತ್ತಿಲ್ಲ ಅಣ್ಣು. ನನಗೆ ಮೂಗೇ ಇರಲಿಲ್ಲ ಮಾರಾಯ. ಬಾಂದ್ರಾದಲ್ಲಿ ಬಿದ್ದೆನಲ್ಲ, ಅಂದಿನಿಂದ.”

ಹೌದಾ ಅಂದೆ ನಾನು. ಆಶ್ಚರ್ಯದ ಮುಖ ಮಾಡಿದೆ. ಅವರು ನಂಬಿದರು. ಪಂಕ್ತಿ ಮಾಡಿದ್ದು ಆ ಕಾರಣಕ್ಕೆ ಅಂತ ಹೇಳಿದರು, ಊರಿನ ಪಾಯಸದ ಕತೆ ಸುಳ್ಳಲ್ಲ, ಆದರೆ ಪಂಕ್ತಿಗೆ ಅದು ಕಾರಣ ಅಂದದ್ದು ಆ ಹುಡುಗರಿಗೋಸ್ಕರವಂತೆ. ಮೊದಲು ಮೊದಲು ದಿನಾ ಹೆದರಿ ಸಾಯುತ್ತಿದ್ದರಂತೆ. ಆದರೆ ಒಂದೆರಡು ವರ್ಷ ಕಳೆದ ಮೇಲೆ ಮೂಗು ಇಲ್ಲದ್ದೇ ಮರೆತುಹೋಗಿತ್ತಂತೆ. ಮೂಗು ಇದ್ದಿದ್ದರೂ ಪಂಕ್ತಿ ಹಾಕಬೇಕಿತ್ತು, ನಾನು ಮುಂಬಯಿಗೆ ಬಂದು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅಂತ ಅನ್ನಿಸುತ್ತಿತ್ತಂತೆ. ವಾಚ್‌ಮನ್ ಕೆಲಸದಲ್ಲಿ ಕೂತಲ್ಲೇ ಕೂತು ಅದನ್ನೇ ಯೋಚನೆ ಮಾಡುತ್ತೇನೆ ಅಂದರು.

“ಒಂದು ಕೇಳುತ್ತೇನೆ, ಇದ್ದದ್ದು ಹೇಳು. ಆ ದಿನ ನಾನು ಬಂದು ಕೇಳಿದಾಗ ನಿನಗೆ ವಾಸನೆ ಬಂದಿತ್ತಾ?”

ನನ್ನ ಬಾಯಲ್ಲಿ ಅನ್ನ ಇತ್ತು. ನುಂಗಿದೆ. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಪಂಕ್ತಿಯಲ್ಲಿ ಸೌಟು ಹಿಡಿದು ಎಂತ ಕಡಿಮೆ ಅಂತ ಕೇಳುವಾಗ ಇದ್ದ ಮುಖವೇ.

“ಇಲ್ಲ ದೂಜಣ್ಣ,” ಅಂದೆ.

“ಸ್ವಲ್ಪವೂ?”

“ಸ್ವಲ್ಪವೂ ಇಲ್ಲ.”

ಅವರ ಸಮಾಧಾನಕ್ಕೆ ಅಂದದ್ದು ಅಂತ ಆ ಗಳಿಗೆಯಲ್ಲಿ ನನಗೆ ನಾನೇ ಹೇಳಿಕೊಂಡೆ. ದೂಜಣ್ಣ ತಲೆ ಆಡಿಸಿದರು. ತಟ್ಟೆಯ ಅನ್ನದಲ್ಲಿ ಬೆರಳು ಆಡಿಸಿದರು.

“ಹಾಗಾದರೆ ಹನ್ನೊಂದು ಜನ ಕೂತು ಉಂಡಿದ್ದರೂ ಗೊತ್ತಾಗುತ್ತಿರಲಿಲ್ಲ,” ಅಂದರು. “ನಿನಗೇ ಬಾರದ ವಾಸನೆ ಇಂದ್ರಾಬಾಯಿಗೆ ಬರುತ್ತದಾ? ಗುಪ್ತೆ ಹೇಳಿದ್ದೇ ಸರಿ ಮಾರಾಯ. ಪಂಕ್ತಿಯಿಂದ ಎಂತದೂ ಪ್ರಯೋಜನ ಇರಲಿಲ್ಲ. ಅಲ್ಲವಾ?”

ಅಲ್ಲ ಅಂತ ಒಂದು ಮಾತು ಹೇಳಿದ್ದರೆ ಅವರ ಪಂಕ್ತಿ ಅವರಿಗೆ ವಾಪಸು ಸಿಗುತ್ತಿತ್ತು. ಆ ಮಾತಿನ ಜೊತೆಗೇ ಗುರಲಿಂಗಪ್ಪನ ಮೂರು ಬೆರಳು ನನ್ನ ಪಾಲಿಗೆ ಬರುತ್ತಿತ್ತು. ಅವರು ನನ್ನನ್ನೇ ನೋಡುತ್ತಾ ಇದ್ದರು.

“ಹೌದು ದೂಜಣ್ಣ,” ಅಂದೆ. “ಎಂತದೂ ಪ್ರಯೋಜನ ಇರಲಿಲ್ಲ.”

ಅವರು ತಟ್ಟೆಯಲ್ಲಿ ಉಳಿದ ಅನ್ನ ಮುಗಿಸಿ, ಕೈ ತೊಳೆಯಲಿಕ್ಕೆ ಎದ್ದರು.